214ರಲ್ಲಿ ಉಳಿದ ಮೂರು

ಮುರುಡೇಶ್ವರದಿಂದ ವಾಪಸ್ ಬಂದ ಮಾರನೇ ದಿನ ಕ್ಯಾಂಟೀನ್‌ನಲ್ಲಿ ಕೂತು ಮೆಮೊರಿ ಕಾರ್ಡನ್ನ ಲ್ಯಾಪ್‌ಟಾಪ್‌ಗೆ ಹಾಕಿದ್ವಿ. ಸಮುದ್ರದ ಕೆಳಗೆ ತೆಗೆದದ್ದು ಒಟ್ಟು 214 ಫೋಟೋ. ಎರಡನೇ ಕಾಫಿ ಮುಗಿಯೋದರಲ್ಲಿ 211 ಡಿಲೀಟ್ ಆಗಿದ್ವು. ಕೆಲವದರಲ್ಲಿ ಬರೀ ನೀಲಿ ಮಂಜು, ಕೆಲವದರಲ್ಲಿ ಕಾಶ್ಮೀರದಲ್ಲಿ ಹಿಮ ಬೀಳ್ತಿರೋ ಹಾಗೆ ಬಿಳಿ ಚುಕ್ಕೆ, ಹತ್ತಿಪ್ಪತ್ತರಲ್ಲಿ ಈಗಷ್ಟೇ ಫ್ರೇಮ್ ಬಿಟ್ಟು ಹೋದ ಯಾವುದೋ ಮೀನಿನ ಬಾಲ, ಒಂದರಲ್ಲಂತೂ ನಮ್ಮದೇ ಹೆಬ್ಬೆರಳು, ಅದೂ ಹಸಿರು ಬಣ್ಣದಲ್ಲಿ.

ನಾವು ಮೂರು ಜನ ಹೋಗಿದ್ವಿ: ಮೆಕ್ಯಾನಿಕಲ್‌ನವನೊಬ್ಬ, ಇಸಿಯವಳೊಬ್ಬಳು, ಸಿಎಸ್‌ನವನೊಬ್ಬ. ಸಂಘದವರು ಪ್ರವಾಸ ಕಥನ ಬರೆದುಕೊಡಿ ಅಂದ್ರು. ಬೆಳಿಗ್ಗೆ ಎದ್ದೆವು, ಇಡ್ಲಿ ತಿಂದೆವು, ಶಿವನ ಮೂರ್ತಿ ನೋಡಿದೆವು ಅಂತ ಬರೆಯೋದಕ್ಕಿಂತ, ಆ 211 ಯಾಕೆ ಹಾಳಾದ್ವು ಅಂತ ಬರೆದರೆ ಮುಂದೆ ಹೋಗೋರಿಗೆ ಉಪಯೋಗ ಅನ್ನಿಸ್ತು. ಅದರಲ್ಲಿ ಅರ್ಧ ಫಸ್ಟ್ ಇಯರ್ ಫಿಸಿಕ್ಸ್. ಇನ್ನರ್ಧ ನಮ್ಮ ತಪ್ಪು.

ನೇತ್ರಾಣಿ ಮುರುಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದಲ್ಲಿರೋ ಸಣ್ಣ ದ್ವೀಪ. ಮೇಲಿಂದ ನೋಡಿದ್ರೆ ಹೃದಯದ ಆಕಾರ ಅಂತಾರೆ. ದೋಣಿಯಿಂದ ನೋಡಿದ್ರೆ ಮರ ಬೆಳೆದ ಒಂದು ದೊಡ್ಡ ಬಂಡೆ, ಅಷ್ಟೇ. ‘ಗಂಧದ ಗುಡಿ’ ನೋಡಿದವರಿಗೆ ಅಪ್ಪು ಅಲ್ಲಿ ನೀರಿಗಿಳಿದದ್ದು ನೆನಪಿರುತ್ತೆ. ನಮ್ಮ ತಲೆಗೆ ಹುಳ ಬಿಟ್ಟದ್ದೂ ಅದೇ. ಅಲ್ಲಿ ಹೋಗೋ ಹೆಚ್ಚಿನವರು ಮೊದಲ ಸಲ ಡೈವ್ ಮಾಡೋರು. ಅವರನ್ನ ಇನ್‌ಸ್ಟ್ರಕ್ಟರ್ ಕೈ ಹಿಡಿದು ಕರ್ಕೊಂಡು ಹೋಗಿ ಕರ್ಕೊಂಡು ಬರ್ತಾರೆ. ಕ್ಯಾಮೆರಾ ಹಿಡಿದು ನಾವೇ ಓಡಾಡಬೇಕು ಅಂದ್ರೆ ಓಪನ್ ವಾಟರ್ ಅನ್ನೋ ಕೋರ್ಸ್ ಮುಗಿಸಿರಬೇಕು: ಥಿಯರಿ, ಕೊಳದಲ್ಲಿ ಅಭ್ಯಾಸ, ಸಮುದ್ರದಲ್ಲಿ ನಾಲ್ಕು ಡೈವ್. ಆಮೇಲೆ 18 ಮೀಟರ್ ಆಳದವರೆಗೆ ಇಳಿಯಬಹುದು. ಅದನ್ನ ನಾವು ಹಿಂದಿನ ರಜೆಯಲ್ಲೇ ಮುಗಿಸಿದ್ವಿ. ಮನೆಯಲ್ಲಿ ‘ಈಜು ಕ್ಲಾಸ್’ ಅಂತ ಹೇಳಿದ್ವಿ, ಪೂರ್ತಿ ಸುಳ್ಳೇನಲ್ಲ.

ಈ ಸಲ ಹೋದದ್ದು ಮ್ಯಾಕ್ರೋ ಫೋಟೋಗ್ರಫಿಗೆ ಅಂತಲೇ. ತಿಮಿಂಗಿಲ ಶಾರ್ಕ್, ಆಮೆ ಇದ್ಯಾವುದೂ ಬೇಡ, ಬೆರಳಿಗಿಂತ ಚಿಕ್ಕದು ಮಾತ್ರ ಅಂತ ತೀರ್ಮಾನ. ಕಾರಣ ದೊಡ್ಡ ಆಸಕ್ತಿ ಏನಲ್ಲ, ಬಜೆಟ್ಟು. ದೊಡ್ಡ ದೃಶ್ಯ ತೆಗೆಯೋಕೆ ದೊಡ್ಡ ಲೆನ್ಸ್, ಗುಮ್ಮಟದ ಹಾಗಿರೋ ಗಾಜು, ಎರಡು ಫ್ಲ್ಯಾಶ್ ಬೇಕು. ಸಣ್ಣದಕ್ಕೆ ಒಲಿಂಪಸ್ ಟಿಜಿ-6 ಥರದ ಅಂಗೈಯಲ್ಲಿ ಹಿಡಿಯೋ ಕ್ಯಾಮೆರಾ ಸಾಕು. ಅದರ ಮೈಕ್ರೋಸ್ಕೋಪ್ ಮೋಡ್‌ನಲ್ಲಿ ಒಂದು ಸೆಂಟಿಮೀಟರ್ ದೂರದ ವಸ್ತುವಿಗೂ ಫೋಕಸ್ ಆಗುತ್ತೆ. ಬಾಡಿ ತಾನಾಗಿಯೇ 15 ಮೀಟರ್‌ವರೆಗೆ ನೀರು ತಡೆಯುತ್ತೆ, ಹೌಸಿಂಗ್ ಹಾಕಿದ್ರೆ 45 ಮೀಟರ್. ಹೌಸಿಂಗ್, ಒಂದು ಟಾರ್ಚ್ ಸೇರಿ ಬಾಡಿಗೆಗೆ ತಂದ್ವಿ.

ದೋಣಿಯಲ್ಲಿ ಇನ್‌ಸ್ಟ್ರಕ್ಟರ್ ಅಣ್ಣ ಕ್ಯಾಮೆರಾ ನೋಡಿ, “ಮೊದಲನೇ ಡೈವ್‌ಗೆ ಇದು ದೋಣಿಯಲ್ಲೇ ಇರ್ಲಿ” ಅಂದ್ರು. ನಮಗೆ ಬೇಜಾರಾಯ್ತು. ಆಮೇಲೆ ಯಾಕೆ ಅಂತ ಗೊತ್ತಾಯ್ತು, ಅದಕ್ಕೆ ಬರ್ತೀವಿ.

ಎರಡನೇ ಡೈವ್‌ಗೆ ಕ್ಯಾಮೆರಾ ಸಿಕ್ತು. ಸುಮಾರು ಹತ್ತು ಮೀಟರ್ ಆಳ. ಕಣ್ಣಿಗೆ ಎಲ್ಲ ಚೆನ್ನಾಗೇ ಕಾಣ್ತಿತ್ತು, ಫೋಟೋದಲ್ಲಿ ಮಾತ್ರ ಎಲ್ಲ ನೀಲಿ. ಹೀಗ್ಯಾಕೆ? ನೀರು ಬೆಳಕನ್ನ ಹೀರುತ್ತೆ, ಆದ್ರೆ ಎಲ್ಲ ಬಣ್ಣವನ್ನ ಒಂದೇ ಸಮ ಹೀರಲ್ಲ. ಲ್ಯಾಬ್‌ನಲ್ಲಿ ಬಿಯರ್–ಲ್ಯಾಂಬರ್ಟ್ ನಿಯಮ ಅಂತ ಬರೆದು ಮರೆತಿದ್ವಲ್ಲ, ಅದೇ ಇಲ್ಲೂ. ಶುದ್ಧ ನೀರಿನಲ್ಲಿ 650 ನ್ಯಾನೋಮೀಟರ್‌ನ ಕೆಂಪು ಬೆಳಕಿಗೆ ಹೀರುವಿಕೆಯ ಗುಣಾಂಕ ಮೀಟರ್‌ಗೆ ಸುಮಾರು 0.34. ಹತ್ತು ಮೀಟರ್ ಕೆಳಗೆ ಬರೋಷ್ಟರಲ್ಲಿ ಕೆಂಪು ನೂರಕ್ಕೆ ಮೂರರಷ್ಟು ಮಾತ್ರ ಉಳಿದಿರುತ್ತೆ. ನೀಲಿಯ ಗುಣಾಂಕ 0.01ರ ಆಸುಪಾಸು, ಅದು ತೊಂಬತ್ತರಷ್ಟು ಹಾಗೇ ಇಳಿದು ಬರುತ್ತೆ. ಸಮುದ್ರದ ನೀರಲ್ಲಿ ಪಾಚಿ, ಮಣ್ಣು ಎಲ್ಲ ಇರೋದ್ರಿಂದ ಲೆಕ್ಕ ಇನ್ನೂ ಕೆಡುತ್ತೆ. ಕೆಳಗೆ ಕೈ ಗೀರಿ ರಕ್ತ ಬಂದ್ರೆ ಅದು ಕೆಂಪಗೆ ಕಾಣಲ್ಲ, ಹಸಿರು ಮಿಶ್ರಿತ ಕಪ್ಪು. ನಮ್ಮ ಹೆಬ್ಬೆರಳು ಹಸಿರಾಗಿದ್ದಕ್ಕೆ ಇದೇ ಕಾರಣ, ಬೇರೆ ಕಾಯಿಲೆ ಏನಲ್ಲ. ಮೆದುಳು ಬುದ್ಧಿವಂತ, ‘ಇದು ಚರ್ಮದ ಬಣ್ಣ’ ಅಂತ ತಾನೇ ಸರಿ ಮಾಡ್ಕೊಳ್ಳುತ್ತೆ. ಸೆನ್ಸರ್‌ಗೆ ಅಷ್ಟು ದಯೆ ಇಲ್ಲ.

ಇಲ್ಲೇ ಮ್ಯಾಕ್ರೋದ ಲಾಭ ಇರೋದು. ಬೆಳಕನ್ನ ನಾವೇ ಕೆಳಗೆ ತಗೊಂಡು ಹೋದ್ರೆ ಅದು ಹತ್ತು ಮೀಟರ್ ನೀರು ದಾಟಬೇಕಿಲ್ಲ. ಜೀವಿ ಹತ್ತು ಸೆಂಟಿಮೀಟರ್ ದೂರದಲ್ಲಿದ್ರೆ ಟಾರ್ಚ್‌ನಿಂದ ಜೀವಿಗೆ ಹತ್ತು, ಜೀವಿಯಿಂದ ಲೆನ್ಸ್‌ಗೆ ಹತ್ತು, ಒಟ್ಟು ಇಪ್ಪತ್ತು ಸೆಂಟಿಮೀಟರ್. ಅದೇ ಸೂತ್ರಕ್ಕೆ 0.2 ಮೀಟರ್ ಹಾಕಿ ನೋಡಿ, ಕೆಂಪು ನೂರಕ್ಕೆ 93ರಷ್ಟು ಉಳಿಯುತ್ತೆ! ಹತ್ತಿರ ಹೋದಷ್ಟೂ ಬಣ್ಣ ವಾಪಸ್ ಬರುತ್ತೆ. ನೀಲಿ ಕಲ್ಲು ಅಂತ ನಾವು ಅಂದ್ಕೊಂಡಿದ್ದರ ಮೇಲೆ ಟಾರ್ಚ್ ಬಿಟ್ಟಾಗ ಅದು ಕುಂಕುಮದಷ್ಟು ಕೆಂಪಗಿರೋ ಸ್ಪಂಜು ಅಂತ ಗೊತ್ತಾದದ್ದು ಈ ಟ್ರಿಪ್ಪಿನ ಮೊದಲ ಆಶ್ಚರ್ಯ.

ಹಿಮದ ಕಥೆ ಬೇರೆ. ಕ್ಯಾಮೆರಾದಲ್ಲೇ ಇರೋ ಫ್ಲ್ಯಾಶ್ ಲೆನ್ಸ್‌ನ ಪಕ್ಕದಲ್ಲೇ ಇರುತ್ತೆ. ಅದರ ಬೆಳಕು ನೀರಿನಲ್ಲಿ ತೇಲೋ ಕಣಗಳಿಗೆ ಬಡಿದು ನೇರ ಲೆನ್ಸ್‌ಗೇ ವಾಪಸ್ ಬರುತ್ತೆ. ರಾತ್ರಿ ಮಂಜಲ್ಲಿ ಆಗುಂಬೆ ಘಾಟಿ ಹತ್ತುವಾಗ ಹೈ ಬೀಮ್ ಹಾಕಿದ್ರೆ ಎದುರಿಗೆ ಬಿಳಿ ಗೋಡೆ ಏಳುತ್ತಲ್ಲ, ಹಾಗೆ. ಬ್ಯಾಕ್‌ಸ್ಕ್ಯಾಟರ್ ಅಂತಾರೆ. ಪರಿಹಾರ ಸುಲಭ: ಬೆಳಕನ್ನ ಪಕ್ಕದಿಂದ, ಓರೆಯಾಗಿ ಬಿಡಬೇಕು. ಟಾರ್ಚ್ ಹಿಡಿಯೋಕೆ ಇನ್ನೊಂದು ಕೈ ಬೇಕು, ಅಥವಾ ಇನ್ನೊಬ್ಬರು ಬೇಕು. ಅದಕ್ಕೂ ಒಂದು ಬೆಲೆ ಇದೆ, ನೀರಿನಲ್ಲಿ ಎರಡೂ ಕೈ ಬ್ಯುಸಿ ಆದ್ರೆ ಉಳಿಯೋದು ಶ್ವಾಸ ಮಾತ್ರ.

ಈ ಶ್ವಾಸದ ವಿಷಯವೇ ನಿಜವಾದ ಸಿಲಬಸ್ಸು.

ಫೋಟೋ ತೆಗೆಯುವಾಗ ನಾವೆಲ್ಲ ಏನು ಮಾಡ್ತೀವಿ? ಕೈ ಅಲುಗಬಾರದು ಅಂತ ಉಸಿರು ಬಿಗಿ ಹಿಡೀತೀವಿ. ಸ್ಕೂಬಾದಲ್ಲಿ ಮೊದಲ ದಿನ ಕಲಿಸೋ ಮೊದಲ ನಿಯಮವೇ ಉಸಿರು ಹಿಡಿಯಬೇಡಿ ಅಂತ. ಹತ್ತು ಮೀಟರ್ ಕೆಳಗೆ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ತುಂಬಿಸಿಕೊಂಡ ಗಾಳಿ ಹಿಡಿದು ಮೇಲೆ ಬಂದ್ರೆ ಬಾಯ್ಲ್ ನಿಯಮದ ಪ್ರಕಾರ ಅದು ಹಿಗ್ಗುತ್ತೆ, ಶ್ವಾಸಕೋಶ ಹರಿಯಬಹುದು. ಪರೀಕ್ಷೆಗೆ ಎರಡು ಮಾರ್ಕ್ಸ್ ನಿಯಮ, ಕೆಳಗೆ ಪ್ರಾಣದ ನಿಯಮ.

ಉಸಿರಾಡ್ತಾ ಇದ್ರೆ ಸ್ಥಿರವಾಗಿ ನಿಲ್ಲೋಕಾಗಲ್ಲ. ಒಂದು ಲೀಟರ್ ಗಾಳಿ ಜಾಸ್ತಿ ಎಳ್ಕೊಂಡ್ರೆ ಮೈ ಒಂದು ಲೀಟರ್ ಜಾಸ್ತಿ ನೀರನ್ನ ಪಕ್ಕಕ್ಕೆ ತಳ್ಳುತ್ತೆ, ಅಂದ್ರೆ ಸುಮಾರು ಒಂದು ಕೆ.ಜಿ. ತೇಲುವ ಬಲ. ಉಸಿರು ಎಳೆದ್ರೆ ಏರ್ತೀವಿ, ಬಿಟ್ರೆ ಇಳೀತೀವಿ. ಮೂರು ಸೆಂಟಿಮೀಟರ್ ಜೀವಿಯ ಮುಂದೆ ನಾವು ಮುವ್ವತ್ತು ಸೆಂಟಿಮೀಟರ್ ಲಿಫ್ಟ್ ಹಾಗೆ ಮೇಲೆ ಕೆಳಗೆ ಹೋಗ್ತಾ ಇರ್ತೀವಿ. ಇದರ ಜೊತೆ ಅಲೆಯ ಸೆಳೆತ ಬೇರೆ, ಅದು ಅಡ್ಡಡ್ಡಕ್ಕೆ ತೂಗುತ್ತೆ. ಇಷ್ಟೆಲ್ಲ ಆಗುವಾಗ ಫೋಕಸ್‌ನಲ್ಲಿರೋ ಜಾಗ ಎಷ್ಟು ದಪ್ಪ? ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 1:1 ಅಳತೆಗೆ ಎಫ್/8 ಇಟ್ಟರೆ ಸುಮಾರು ಒಂದು ಮಿಲಿಮೀಟರ್. ನಮ್ಮ ಪುಟ್ಟ ಕ್ಯಾಮೆರಾದ ಸೆನ್ಸರ್ ಚಿಕ್ಕದು, ಹಾಗಾಗಿ ಅದು ಸ್ವಲ್ಪ ಉದಾರಿ. ಆದ್ರೂ ಕೊಂಬು ಶಾರ್ಪ್ ಬಂದ್ರೆ ಬಾಲ ಮಸುಕು.

ಗಾಳಿಯ ಲೆಕ್ಕವೂ ಇಲ್ಲೇ ಬರುತ್ತೆ. ಸಾಮಾನ್ಯ ಅಲ್ಯೂಮಿನಿಯಂ ಟ್ಯಾಂಕು ಸುಮಾರು 11 ಲೀಟರ್, ತುಂಬಿಸೋದು 200 ಬಾರ್‌ಗೆ. ಕೊನೆಯ 50 ಬಾರ್ ಮುಟ್ಟಬಾರದು, ಅದು ಮೀಸಲು. ಉಳಿದ 150 ಬಾರ್ ಅಂದ್ರೆ ಮೇಲಿನ ಲೆಕ್ಕದಲ್ಲಿ 1650 ಲೀಟರ್ ಗಾಳಿ. ನಿಮಿಷಕ್ಕೆ 20 ಲೀಟರ್ ಉಸಿರಾಡೋ ಮನುಷ್ಯ ಹತ್ತು ಮೀಟರ್ ಆಳದಲ್ಲಿ ಅದರ ಎರಡರಷ್ಟು, 40 ಲೀಟರ್ ಖರ್ಚು ಮಾಡ್ತಾನೆ. ಹಾಗಾಗಿ 41 ನಿಮಿಷ. ಗಾಬರಿಯಲ್ಲೋ ಖುಷಿಯಲ್ಲೋ ಏದುಸಿರು ಬಿಟ್ಟು 30 ಲೀಟರ್ ಆದ್ರೆ 27 ನಿಮಿಷಕ್ಕೇ ಮುಗೀತು. ಈ 27 ನೆನಪಲ್ಲಿಡಿ.

ಎರಡನೇ ದಿನ ಬೆಳಿಗ್ಗೆ, ಮೂರನೇ ಡೈವ್. ಕ್ಯಾಮೆರಾ ನಮ್ಮ ಮೆಕ್ಯಾನಿಕಲ್‌ನವನ ಕೈಯಲ್ಲಿ, ಟಾರ್ಚ್ ಸಿಎಸ್‌ನವನ ಕೈಯಲ್ಲಿ. ಹನ್ನೊಂದು ಮೀಟರ್‌ನಲ್ಲಿ ಅಣ್ಣ ಒಂದು ಬಂಡೆಯತ್ತ ಬೆರಳು ತೋರಿಸಿದ್ರು. ನಮಗೆ ಏನೂ ಕಾಣ್ಲಿಲ್ಲ. ಇನ್ನೂ ಹತ್ತಿರ ಹೋದ್ವಿ. ಮೊದಲು ಕಂಡದ್ದು ಹಳದಿ ಚುಕ್ಕೆಗಳು, ಆಮೇಲೆ ಅವು ಒಂದು ಮೈ ಮೇಲಿವೆ ಅಂತ ಗೊತ್ತಾಯ್ತು.

ನುಡಿಬ್ರಾಂಕ್! ಹೆಸರಲ್ಲಿ ನುಡಿ ಇದ್ರೂ ನಮ್ಮ ಟೈಪಿಂಗ್ ಸಾಫ್ಟ್‌ವೇರ್‌ಗೂ ಇದಕ್ಕೂ ಸಂಬಂಧ ಇಲ್ಲ. ಲ್ಯಾಟಿನ್, ಗ್ರೀಕ್ ಸೇರಿಸಿ ಮಾಡಿದ ಪದ, ‘ಬೆತ್ತಲೆ ಕಿವಿರು’ ಅಂತ ಅರ್ಥ. ಸಿಂಪಲ್ಲಾಗಿ ಹೇಳಬೇಕಂದ್ರೆ ಚಿಪ್ಪಿಲ್ಲದ ಕಡಲ ಬಸವನಹುಳು. ಮರಿಯಾಗಿದ್ದಾಗ ಚಿಪ್ಪು ಇರುತ್ತೆ, ಬೆಳೆಯುವಾಗ ಕಳಚಿ ಬಿಡುತ್ತೆ. ಪ್ರಪಂಚದಲ್ಲಿ ಇವುಗಳ ಮೂರು ಸಾವಿರಕ್ಕೂ ಹೆಚ್ಚು ಜಾತಿ ಇವೆ. ನಾವು ನೋಡಿದ್ದು ಫಿಲಿಡಿಯಾ ಗುಂಪಿನದು: ಕಪ್ಪು ಮೈ, ಉದ್ದಕ್ಕೆ ಬೂದು-ನೀಲಿ ಏಣುಗಳು, ಏಣಿನ ಮೇಲೆ ಹಳದಿ ಬೊಕ್ಕೆಗಳು, ಮುಂದೆ ಎರಡು ಹಳದಿ ಕೊಂಬು. ತಮಾಷೆ ಅಂದ್ರೆ ಈ ಗುಂಪಿನ ಕಿವಿರು ಬೆತ್ತಲೆಯಾಗಿ ಬೆನ್ನ ಮೇಲಿಲ್ಲ, ಮೈಯ ಅಂಚಿನ ಕೆಳಗೆ ಅಡಗಿವೆ. ಹೆಸರಿಗೇ ಮರ್ಯಾದೆ ಕೊಡದ ಪ್ರಾಣಿ.

ಚಿಪ್ಪು ಬಿಟ್ಟು, ಓಡೋಕೂ ಆಗದೆ, ಹಗಲು ಹೊತ್ತಲ್ಲಿ ಇಷ್ಟು ಬಣ್ಣ ಹಾಕ್ಕೊಂಡು ಬಂಡೆ ಮೇಲೆ ಕೂರೋಕೆ ಧೈರ್ಯ ಎಲ್ಲಿಂದ ಬಂತು? ಅದು ತಿನ್ನೋದು ಸ್ಪಂಜನ್ನ. ಸ್ಪಂಜಿನಲ್ಲಿರೋ ವಿಷವನ್ನ ತನ್ನ ಮೈಗೆ ಸೇರಿಸಿಕೊಂಡು ಅದನ್ನೇ ರಕ್ಷಣೆಗೆ ಬಳಸುತ್ತೆ. ಬಣ್ಣ ಅಂದ್ರೆ ಬೋರ್ಡು: ತಿಂದ್ರೆ ಕೆಡ್ತೀಯ. ಇದೇ ಬಳಗದ ಬೇರೆ ಕೆಲವು ಇನ್ನೂ ಕಿಲಾಡಿಗಳು. ಚುಚ್ಚೋ ಕೋಶಗಳಿರೋ ಹೈಡ್ರಾಯ್ಡ್‌ಗಳನ್ನ ತಿಂದು, ಆ ಕೋಶಗಳನ್ನ ಸಿಡಿಯದ ಹಾಗೆ ಬೆನ್ನಿನ ಎಳೆಗಳ ತುದಿಗೆ ಸಾಗಿಸಿ, ಕದ್ದ ಮದ್ದುಗುಂಡನ್ನ ತಮ್ಮದೇ ಅನ್ನೋ ಹಾಗೆ ಇಟ್ಕೊಳ್ತವೆ. ಇಷ್ಟೆಲ್ಲ ಬಣ್ಣ ಇದ್ದೂ ಒಂದು ನುಡಿಬ್ರಾಂಕ್ ಇನ್ನೊಂದರ ಬಣ್ಣ ನೋಡಲಾರದು, ಅದರ ಕಣ್ಣಿಗೆ ಬೆಳಕು-ಕತ್ತಲೆಗಿಂತ ಹೆಚ್ಚೇನೂ ತಿಳಿಯಲ್ಲ. ಆ ಎರಡು ಕೊಂಬಿನಿಂದ ವಾಸನೆ ಹಿಡಿದೇ ಅದರ ಸಂಸಾರ ನಡೆಯೋದು.

ಇದೆಲ್ಲ ಆಮೇಲೆ ಓದಿದ್ದು. ಆ ಕ್ಷಣದಲ್ಲಿ ನಮ್ಮ ಮೆಕ್ಯಾನಿಕಲ್‌ನವನಿಗೆ ತಲೆಯಲ್ಲಿದ್ದದ್ದು ಫೋಕಸ್ ಒಂದೇ. ಹತ್ತು ಕ್ಲಿಕ್, ಇಪ್ಪತ್ತು ಕ್ಲಿಕ್. ಖುಷಿಗೆ ದೊಡ್ಡ ಉಸಿರು ಎಳ್ಕೊಂಡ, ಮೇಲೆ ತೇಲಿದ. ಫ್ರೇಮ್ ತಪ್ಪಿತು. ಕೆಳಗಿಳಿಯೋಕೆ ಉಸಿರು ಬಿಡೋ ಬದಲು ಕಾಲು ಒದ್ದ. ಫಿನ್ ಅಂದ್ರೆ ಕಾಲಿಗಿಂತ ಅರ್ಧ ಮೀಟರ್ ಆಚೆಗೂ ನಾವೇ ಇದ್ದೀವಿ ಅನ್ನೋದು ಅವನಿಗೆ ಮರೆತೇ ಹೋಗಿತ್ತು. ಹಿಂದೆ ಕವಲೊಡೆದ ಹವಳದ ಪೊದೆಯೊಂದಿತ್ತು. ಶಬ್ದ ಏನೂ ಕೇಳಿಸ್ಲಿಲ್ಲ. ಇಸಿಯವಳು ಮಾತ್ರ ನೋಡಿದಳು, ಕಿರುಬೆರಳಿನಷ್ಟು ತುದಿಯೊಂದು ಮುರಿದು, ಎದ್ದ ಮರಳಿನ ಜೊತೆ ಸುಳಿದು, ನಿಧಾನವಾಗಿ ಅದೇ ಬಂಡೆಯ ಮೇಲೆ ಬಂದು ಕೂತದ್ದನ್ನ. ಮುರಿದ ಕಡೆ ಸುಣ್ಣದ ಬಿಳುಪು. ಅವನು ಇನ್ನೂ ಕ್ಲಿಕ್ ಮಾಡ್ತಲೇ ಇದ್ದ.

ಅಣ್ಣ ಬಂದು ಅವನ ಗೇಜ್ ಹಿಡಿದು ನೋಡಿದ್ರು. 45 ಬಾರ್. ಕೆಳಗಿಳಿದು 27 ನಿಮಿಷವೂ ಪೂರ್ತಿ ಆಗಿರ್ಲಿಲ್ಲ. ಕ್ಯಾಮೆರಾ ಅವನ ಕೈಯಿಂದ ತಗೊಂಡು ತಮ್ಮ ಬಿಸಿಡಿಗೆ ಕ್ಲಿಪ್ ಮಾಡ್ಕೊಂಡು, ಹೆಬ್ಬೆರಳು ಮೇಲೆ ಮಾಡಿದ್ರು. ಆ ಸನ್ನೆಗೆ ಕೆಳಗೆ ‘ಸೂಪರ್’ ಅಂತ ಅರ್ಥ ಅಲ್ಲ, ‘ಮೇಲೆ ಹೊರಡು’ ಅಂತ. ತಮ್ಮ ಟ್ಯಾಂಕಿನ ಎರಡನೇ ರೆಗ್ಯುಲೇಟರ್ ಅವನ ಬಾಯಿ ಹತ್ತಿರವೇ ಹಿಡ್ಕೊಂಡು, ಐದು ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲಿಸಿ, ಮೇಲೆ ತಂದ್ರು. ದೋಣಿ ಹತ್ತಿದ ಮೇಲೆ ತುಂಬ ಹೊತ್ತು ಮಾತಿಲ್ಲ. ಆಮೇಲೆ ಕೇಳಿದ್ರು.

“ಗೇಜ್ ನೋಡಿದ್ಯಾ?”

“ಇಲ್ಲ ಅಣ್ಣ.”

“ಹಿಂದೆ ಏನುಂಟು ಅಂತ ನೋಡಿದ್ಯಾ?”

“ಇಲ್ಲ.”

“ಮತ್ತೆ ನೀ ನೋಡಿದ್ದು ಎಂತದು ಮಾರಾಯ?”

ಹವಳ ಅನ್ನೋದು ಕಲ್ಲಲ್ಲ, ಪ್ರಾಣಿಗಳ ವಸಾಹತು ಅಂತ ನಮಗೆ ಥಿಯರಿಯಲ್ಲಿ ಗೊತ್ತಿತ್ತು. ಗುಂಡಗೆ ಬಂಡೆಯ ಹಾಗೆ ಬೆಳೆಯೋ ಪೊರೈಟಿಸ್ ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತೆ. ಕವಲಿನವು ಅದಕ್ಕಿಂತ ಬೇಗ, ಆದ್ರೂ ಆ ಕಿರುಬೆರಳು ಒಂದು ಸೆಮಿಸ್ಟರ್‌ನ ಕೆಲಸ ಅಲ್ಲ. ಇನ್ನೊಂದು ವಿಷಯ ನಮಗೆ ಗೊತ್ತೇ ಇರ್ಲಿಲ್ಲ: ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಶೆಡ್ಯೂಲ್‌ನಲ್ಲಿ, ಹುಲಿ ಇರೋ ಪಟ್ಟಿಯಲ್ಲೇ, ಕಲ್ಲು ಹವಳಗಳೂ ಇವೆ. ಬಂಡೀಪುರಕ್ಕೆ ಹೋದಾಗ ಜೀಪಿನಿಂದ ಕಾಲು ಹೊರಗೆ ಹಾಕಲ್ಲ ನಾವು. ಇಲ್ಲಿ ಫಿನ್ ಹಾಕ್ಕೊಂಡು ಒದ್ದು ಬಂದಿದ್ವಿ.

ಫ್ಲ್ಯಾಶ್ ಬೆಳಕಿನಿಂದ ಆ ಜೀವಿಗಳ ಕಣ್ಣಿಗೆ ತೊಂದರೆ ಆಗಲ್ವಾ ಅಂತ ಹಲವರು ಕೇಳ್ತಾರೆ. 2019ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನ ಕಡಲಕುದುರೆಯಂಥ ಮೀನುಗಳ ಮೇಲೆ ಇದನ್ನೇ ಪರೀಕ್ಷಿಸಿತ್ತು. ಫ್ಲ್ಯಾಶ್‌ಗಿಂತ ಹೆಚ್ಚು ಅವು ಬೆದರಿದ್ದು ಡೈವರ್ ಮುಟ್ಟಿ ಸರಿಸಿದಾಗ. ಒಳ್ಳೇ ಹಿನ್ನೆಲೆಗಾಗಿ ಜೀವಿಯನ್ನ ಕಡ್ಡಿಯಿಂದ ತಳ್ಳೋ ಫೋಟೋಗ್ರಾಫರ್‌ಗಳು ಇದ್ದಾರೆ. ನಾವು ಕಡ್ಡಿ ಹಿಡಿದಿರ್ಲಿಲ್ಲ ಅನ್ನೋದಷ್ಟೇ ಸಮಾಧಾನ.

ಈ ಹುಚ್ಚಿನ ರಾಜಧಾನಿ ಅಂದ್ರೆ ಇಂಡೋನೇಷ್ಯಾದ ಲೆಂಬೆ ಜಲಸಂಧಿ, ಉತ್ತರ ಸುಲವೆಸಿಯಲ್ಲಿದೆ. ಅಲ್ಲಿ ಸುಂದರವಾದ ಹವಳದ ತೋಟ ನೋಡೋಕೆ ಜನ ಹೋಗಲ್ಲ. ಜ್ವಾಲಾಮುಖಿಯ ಕಪ್ಪು ಮರಳು, ಅದರ ಮೇಲೆ ಹಳೇ ಬಾಟಲಿ, ಹಗ್ಗ, ತೆಂಗಿನ ಚಿಪ್ಪು. ಆ ಕಸದ ಮಧ್ಯೆ ಕೂದಲು ಮೈಯ ಫ್ರಾಗ್‌ಫಿಶ್, ತೆಂಗಿನ ಚಿಪ್ಪನ್ನೇ ಮನೆ ಮಾಡ್ಕೊಂಡ ಆಕ್ಟೋಪಸ್. ‘ಮಕ್ ಡೈವಿಂಗ್’ ಅಂದ್ರೆ ಕೆಸರಿನ ಡೈವಿಂಗ್ ಅಂತಲೇ ಅದಕ್ಕೆ ಹೆಸರು. ಬೇರೆ ಬೇರೆ ಪ್ರಾಣಿಗಳ ಹಾಗೆ ಆಕಾರ ಬದಲಿಸೋ ಮಿಮಿಕ್ ಆಕ್ಟೋಪಸ್ ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದೂ ಸುಲವೆಸಿಯ ಕರಾವಳಿಯಲ್ಲೇ, 1998ರಲ್ಲಿ. ಇನ್ನು ಸಾಮಾನ್ಯವಾಗಿ ಎರಡು ಸೆಂಟಿಮೀಟರ್ ಕೂಡ ದಾಟದ ಪಿಗ್ಮಿ ಕಡಲಕುದುರೆಯ ಕಥೆ ನಮಗೆ ತುಂಬ ಇಷ್ಟ. 1969ರಲ್ಲಿ ನ್ಯೂ ಕ್ಯಾಲಿಡೋನಿಯಾದ ಜಾರ್ಜ್ ಬಾರ್ಜಿಬಾಂಟ್ ಅನ್ನೋರು ಅಕ್ವೇರಿಯಂಗೋಸ್ಕರ ಬೀಸಣಿಗೆಯಂಥ ಗೊರ್ಗೋನಿಯನ್ ಹವಳ ತಂದಿದ್ರು. ಅದನ್ನ ಮೇಲೆ ತಂದು ಪರೀಕ್ಷೆ ಮಾಡುವಾಗ ಅದರ ಗಂಟುಗಳಲ್ಲಿ ಕೆಲವು ಗಂಟುಗಳಲ್ಲ, ಕುದುರೆಗಳು ಅಂತ ಗೊತ್ತಾಯ್ತು. ಆ ಜಾತಿಗೆ ಅವರದೇ ಹೆಸರಿದೆ. ಸಮುದ್ರದಲ್ಲಿ ಅವರ ಕಣ್ಣೆದುರೇ ಇದ್ದಾಗ ಕಾಣದೆ ಹೋದದ್ದು ಓದಿ ನಮಗೆ ಸ್ವಲ್ಪ ಸಮಾಧಾನ ಆಯ್ತು.

ಅದೇ ದಿನ ನಾಲ್ಕನೇ ಡೈವ್. ಕ್ಯಾಮೆರಾ ಸಿಗಲ್ಲ ಅಂದ್ಕೊಂಡಿದ್ವಿ. ಅಣ್ಣ ಒಂದು ಷರತ್ತು ಹಾಕಿದ್ರು: ಕೆಳಗೆ ಮರಳಿನ ಜಾಗದಲ್ಲಿ ಹತ್ತು ನಿಮಿಷ, ಕೈಕಾಲು ಆಡಿಸದೆ, ತಳದಿಂದ ಒಂದು ಮೀಟರ್ ಮೇಲೆ ತೇಲ್ತಾ ನಿಲ್ಲಬೇಕು. ಯಾರು ನಿಲ್ತಾರೋ ಅವರಿಗೆ ಕ್ಯಾಮೆರಾ. ಮೊದಲನೇ ಡೈವ್‌ನಲ್ಲಿ ಕ್ಯಾಮೆರಾ ಬೇಡ ಅಂದದ್ದು ಇದನ್ನೇ ನೋಡೋಕೆ, ನಾವು ಬರೀ ಸೈಟ್ ಸೀಯಿಂಗ್ ಮಾಡಿದ್ವಿ. ಹುಡುಗರಿಬ್ಬರೂ ಫೇಲ್. ಒಬ್ಬ ಮರಳಿಗೆ ಮೊಣಕಾಲು ಊರಿದ, ಇನ್ನೊಬ್ಬ ಬಲೂನ್ ಹಾಗೆ ಮೇಲೆ ಹೋದ. ಇಸಿಯವಳು ನಿಂತಳು. ಅವಳ ಗುಟ್ಟು ಇಷ್ಟೇ, ಶ್ವಾಸಕೋಶ ಪೂರ್ತಿ ತುಂಬಿಸೋದೂ ಇಲ್ಲ, ಪೂರ್ತಿ ಖಾಲಿ ಮಾಡೋದೂ ಇಲ್ಲ, ಮಧ್ಯದಲ್ಲೇ ಸಣ್ಣಗೆ ನಿಧಾನವಾಗಿ ಆಡಿಸೋದು. ಉಸಿರು ಬಿಟ್ಟು ಮುಗಿಯೋ ಹೊತ್ತಿಗೆ, ಮುಂದಿನದು ಶುರುವಾಗೋ ಮೊದಲು ಮೈ ಒಂದು ಕ್ಷಣ ತಾನಾಗಿಯೇ ನಿಲ್ಲುತ್ತೆ. ಆಗ ಒತ್ತಬೇಕು ಬಟನ್ನು.

ಅವಳು ಹೋಗಿದ್ದು ಒಂದು ಪೊರೈಟಿಸ್ ಗುಂಡಿನ ಹತ್ತಿರ. ಅದರ ಮೇಲೆ ಕ್ರಿಸ್‌ಮಸ್ ಟ್ರೀ ಹುಳುಗಳು, ಒಂದೊಂದಕ್ಕೂ ಸುರುಳಿ ಸುತ್ತಿದ ಎರಡು ಪುಟ್ಟ ಮರ. ಆ ಮರವೇ ಅದರ ಕಿವಿರು, ಅದೇ ಆಹಾರ ಸೋಸೋ ಬಲೆ, ಅದರಲ್ಲೇ ಬೆಳಕು ತಿಳಿಯೋ ಕಣ್ಣುಗಳೂ ಇವೆ. ನೆರಳು ಬಿದ್ರೆ ಸಾಕು, ರೆಪ್ಪೆ ಬಡಿಯೋದರಲ್ಲಿ ಕೊಳವೆಯೊಳಗೆ ಮಾಯ. ಹಿಂದಿನ ದಿನ ನಾವು ತೆಗೆದ ಮೂವತ್ತು ಫೋಟೋಗಳಲ್ಲಿ ಮೂವತ್ತು ಖಾಲಿ ತೂತುಗಳಿದ್ವು. ಈಗ ಅವಳು ನೆರಳು ಬೀಳದ ಕಡೆಯಿಂದ, ನೀರು ಕದಡದ ಹಾಗೆ ತೇಲಿ ಹೋಗಿ ಸುಮ್ಮನೆ ಕಾದಳು. ಎಲ್ಲ ಒಳಗೆ ಹೋದ್ವು. ಮತ್ತೂ ಕಾದಳು. ನಾಲ್ಕು ನಿಮಿಷಕ್ಕೆ ಒಂದು ಮರ ಮೆಲ್ಲಗೆ ಬಿಚ್ಚಿತು, ಕಿತ್ತಳೆ ಬಣ್ಣದ್ದು. ಅವಳು ಒತ್ತಿದ್ದು ನಾಲ್ಕೇ ಸಲ. ಉಳಿದ ಮೂರು ಫೋಟೋಗಳಲ್ಲಿ ಎರಡು ಅವಳವು. ಇನ್ನೊಂದು ಪಕ್ಕದ ತೂತಿನಿಂದ ಇಣುಕಿದ ಬ್ಲೆನ್ನಿ ಮೀನಿನ ಮುಖ, ಥೇಟ್ ಮೊದಲ ಬೆಂಚಿನಲ್ಲಿ ಕೂತು ನಿದ್ದೆ ತಡೀತಿರೋ ನಮ್ಮ ಹಾಗೆ.

ಮೂರನೇದು ಆ ನುಡಿಬ್ರಾಂಕ್. ಫೋಟೋ ದೃಷ್ಟಿಯಿಂದ ನೋಡಿದ್ರೆ ಮೂರರಲ್ಲಿ ಅದೇ ಚೆನ್ನಾಗಿದೆ: ಕೊಂಬು ಶಾರ್ಪ್, ಹಳದಿ ಬೊಕ್ಕೆಗಳೆಲ್ಲ ಎಣಿಸೋ ಹಾಗಿವೆ, ಬೆಳಕು ಓರೆಯಾಗಿ ಬಿದ್ದಿದೆ, ಹಿಮ ಇಲ್ಲ. ಲೇಖನದ ಜೊತೆ ಹಾಕೋಕೆ ಸಂಪಾದಕರು ಒಂದೇ ಫೋಟೋ ಕೇಳಿದಾಗ ಮೂವರೂ ಅದನ್ನೇ ಅಂದ್ವಿ. ಸಿಎಸ್‌ನವನು ಎಡಗಡೆ ಸ್ವಲ್ಪ ಕ್ರಾಪ್ ಮಾಡೋಣ ಅಂದ. ಕಾಫಿ ಆರೋವರೆಗೆ ವಾದ ನಡೀತು. ಕೊನೆಗೆ ಮೆಕ್ಯಾನಿಕಲ್‌ನವನೇ ಲ್ಯಾಪ್‌ಟಾಪ್ ತನ್ನ ಕಡೆ ಎಳ್ಕೊಂಡು, ಕ್ರಾಪ್ ಮಾಡದೆ ಹಾಗೇ ಮೇಲ್ ಕಳಿಸಿದ. ಎಡಗಡೆ ಕೆಳಮೂಲೆಯಲ್ಲಿ ಬೆಳ್ಳಗೆ ಕಾಣ್ತಿರೋದು ಆ ಹವಳದ ತುದಿ.